ಅವಳು ತಳ್ಳುತ್ತಿದ್ದ ಕಾರು

ನಮ್ಮದು ವ್ಯಾನಿನಂಥ ಹಳೇ ಕಾರು. ಬೆಳಿಗ್ಗೆ ಕೀ ತಿರುಗಿಸಿದರೆ ಟಕ್ ಟಕ್ ಎಂದು ಸುಮ್ಮನಾಗುತ್ತಿತ್ತು. ಬ್ಯಾಟರಿ ಹೋಗಿದೆ ಎಂದುಕೊಂಡು ಹೊಸದು ಹಾಕಿದೆ. ಸರಿಹೋಗಲಿಲ್ಲ. ಸ್ಟಾರ್ಟರ್ ಬಿಚ್ಚಿ ಒರೆಸಿ ಹಾಕಿದೆ. ಅದೇ ಕಥೆ. ಎಸ್ಸೆಸ್ಸೆಲ್ಸಿ ಪಾಸಾದವನು, ಊರಿನ ಪಂಪ್‌ಸೆಟ್ಟುಗಳನ್ನೆಲ್ಲ ರಿಪೇರಿ ಮಾಡುವವನು ನಾನು. ರಾಮನಗರದ ಮೆಕ್ಯಾನಿಕ್ಕನ್ನು ಕೇಳಲು ನಾಚಿಕೆ.

ಹಾಗಾಗಿ ಹೆಂಡತಿ ತಳ್ಳುತ್ತಿದ್ದಳು. ಅವಳ ಹೃದಯಕ್ಕೆ ಬಲವಿಲ್ಲ, ಭಾರ ಹೊರಿಸಬೇಡಿ ಎಂದು ಡಾಕ್ಟರು ನನ್ನೆದುರೇ ಹೇಳಿದ್ದರು. ತಳ್ಳುವುದು ಹೊರುವುದಲ್ಲವಲ್ಲ ಎಂದುಕೊಂಡೆ.

ರೇಷ್ಮೆ ಬೆಳೆ ಮುಗಿದಾಗಲೆಲ್ಲ ಹುಳು ಮನೆ ತೊಳೆಯಲು ಬ್ಲೀಚಿಂಗ್ ಪುಡಿ ಬೇಕು. ಅದರ ಘಾಟಿಗೆ ಹುಳು ಸೊರಗಬಾರದೆಂದು ಪುಡಿಯ ಚೀಲವನ್ನು ಕಾರಿನ ಸೀಟಿನಡಿ, ಬ್ಯಾಟರಿ ಪಕ್ಕದಲ್ಲಿ ಇಡುತ್ತಿದ್ದೆ.

"ಆ ಪುಡಿ ಆಚೆ ಮಡಗಿ. ಕಬ್ಣಾನೆಲ್ಲ ತಿಂದಾಕ್ತದೆ. ಹುಳು ಮನೆ ಚಿಲ್ಕ ನೋಡಿಲ್ವಾ?" ಎಂದಳು ಒಮ್ಮೆ.

"ನೀನ್ಯಾವಾಗ ಮೆಕಾನಿಕ್ ಆದ್ಯಮ್ಮಿ? ತಳ್ಳು ಒಸಿ."

ರೇಷ್ಮೆ ಗೂಡು ತುಂಬಿಕೊಂಡು ಮಾರ್ಕೆಟ್ಟಿಗೆ ಹೊರಟ ದಿನ ಎರಡು ಸಲ ತಳ್ಳಿದರೂ ಆಗಲಿಲ್ಲ.

"ಎದೆ ಹಿಡ್ಕಂಡಂಗಾಯ್ತದೆ, ತಡೀರಿ."

"ಹರಾಜಿಗೆ ಹೊತ್ತಾಯ್ತು ಕಣೆ. ಇನ್ನೊಂದೇ ಸಲ."

ತಳ್ಳಿದಳು. ಎಂಜಿನ್ ಹತ್ತಿಕೊಂಡಿತು. ಎಂದಿನಂತೆ ಓಡಿಬಂದು ಹತ್ತುತ್ತಾಳೆಂದು ಕನ್ನಡಿ ನೋಡಿದೆ. ರಸ್ತೆಯ ಮೇಲೆ ಕೂತಿದ್ದಳು, ಒಂದು ಕೈ ನೆಲಕ್ಕೆ ಊರಿಕೊಂಡು. ನಿಲ್ಲಿಸಿದರೆ ಎಂಜಿನ್ ಆರಿಹೋದೀತು, ಮತ್ತೆ ತಳ್ಳುವವರಾರು ಎಂದು ಯೋಚಿಸಿದೆ. ಸುಧಾರಿಸಿಕೊಂಡು ಮನೆಗೆ ಹೋಗುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡು ಗೇರ್ ಬದಲಾಯಿಸಿದೆ.

ಗೂಡು ಮಾರಿ ವಾಪಸು ಬಂದಾಗ ಜಗಲಿಯ ತುಂಬ ಜನ. ಚಾಪೆಯ ಮೇಲೆ ಅವಳನ್ನು ಮಲಗಿಸಿದ್ದರು. ಉಸಿರಿರಲಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ಮೆಕ್ಯಾನಿಕ್ಕನ್ನು ಕರೆಸಿದೆ. ನನ್ನ ವಯಸ್ಸಿನವನೇ. ಸೀಟು ಎತ್ತಿದವನೇ ಬೆಳ್ಳಗೆ ಪುಡಿಪುಡಿಯಾಗಿದ್ದ ಒಂದು ತಂತಿ ಎಳೆದು ತೋರಿಸಿದ.

"ಅರ್ಥ್ ವೈರು ಗೌಡ್ರೆ. ಬ್ಯಾಟ್ರಿ ಮಗ್ಲಲ್ಲಿ ಬ್ಲೀಚಿಂಗ್ ಮಡಗಿದ್ರೆ ಇನ್ನೇನಾಯ್ತದೆ? ಒಂದ್ ಬೀಡಿ ಸೇದೋ ಹೊತ್ತಿನ ಕೆಲ್ಸ."

ಹೊಸ ತಂತಿ ಹಾಕಿ ಕೀ ತಿರುಗಿಸಿದ. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ನಾನು ಪುಡಿಯ ಚೀಲವನ್ನು ಎತ್ತಿ ಆಚೆ ಇಟ್ಟೆ.

ಹೆಂಡತಿ ತೀರಿಕೊಂಡ ದಿನವೇ ಮಗಳು ಕೇಳಿದ್ದಳು: "ಅವ್ವ ಬಿದ್ದಾಗ ನೀನೆಲ್ಲಿದ್ದಪ್ಪಾ?"

"ಮುಂದಕ್ಕೆ ಹೊಂಟೋಗಿದ್ದೆ ಕಣವ್ವ. ಕಾಣ್ಲಿಲ್ಲ."

ಅವಳು ನಂಬಿದಳು. ಅತ್ತು ಅತ್ತು ಸೋತವಳು ನನ್ನ ಬೆನ್ನು ಸವರಿ, "ನಿಂದೇನೂ ತಪ್ಪಿಲ್ಲ ಬುಡಪ್ಪ" ಎಂದಳು. ಆ ಮಾತನ್ನು ಹೇಳಿಸಿಕೊಂಡು ಸುಮ್ಮನಿದ್ದೆ. ಇವತ್ತಿಗೂ ಸುಮ್ಮನಿದ್ದೇನೆ.