ಬಾಯಿ ಮುಚ್ಚದ ಬರ್ನಡೆಟ್

ಶುಕ್ರವಾರದ ಅಮೆರಿಕನ್ ಫುಟ್‌ಬಾಲ್ ಪಂದ್ಯದ ದ್ವಿತೀಯಾರ್ಧ ಆಗಷ್ಟೇ ಶುರುವಾಗಿತ್ತು. ಕೋಲ್ಟನ್ ಫೆರಿ ಶಾಲೆಯ ಮೈದಾನದ ಪಕ್ಕದ ಸ್ಟಾಲಿನಲ್ಲಿ ಬರ್ನಡೆಟ್ ಹ್ರುಸ್ಕಾ ಬೆಣ್ಣೆಯಲ್ಲಿ ಬಾಡಿಸಿದ ಈರುಳ್ಳಿಯನ್ನು ಬಿಸಿ ಪಿರೋಗಿ ಕಡುಬುಗಳ ಮೇಲೆ ಸುರಿಯುತ್ತಿದ್ದಳು. ಇದ್ದಕ್ಕಿದ್ದಂತೆ ಜನ ನಗತೊಡಗಿದರು. ತಲೆಯೆತ್ತಿ ನೋಡಿದರೆ ಅವಳ ಗಂಡ ಆಂಡಿ ಬೇಲಿ ದಾಟಿ ಹೋಗಿ, ಶಾಲೆಯ ಹುಡುಗರ ಸಾಲಿನಲ್ಲಿ ಬಗ್ಗಿ, ಒಂದು ಕೈ ನೆಲಕ್ಕೂರಿ ಆಟಗಾರನಂತೆ ನಿಂತಿದ್ದ. ಐವತ್ತು ದಾಟಿದ ಗಂಡಸು.

"ಆಂಡಿ, ಎಷ್ಟು ಏರಿಸಿದೀಯೋ ಇವತ್ತು?" ಎಂದು ಯಾರೋ ಕೂಗಿದರು.

ಆಂಡಿ ಕುಡಿಯುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಬರ್ನಡೆಟ್ ಸೌಟು ಬಿಸಾಕಿ ಓಡಿದಳು.

"ಬಾ, ಮನೆಗೆ ಹೋಗೋಣ."

"ಸುಮ್ನಿರೇ, ಕೋಚ್ ಬೈತಾರೆ," ಎಂದ ಅವನು, ಎದುರಿನ ಹುಡುಗನ ಮೇಲಿಂದ ಕಣ್ಣು ಕೀಳದೆ.

ಅವನು ಹೇಳುತ್ತಿದ್ದ ಕೋಚ್ ತೀರಿಕೊಂಡು ಬಹಳ ಕಾಲವಾಗಿತ್ತು. ಈಗಿನ ಕೋಚ್ ಸ್ಟ್ಯಾನ್ ರುಸ್ನಾಕ್, ಹುಡುಗನಾಗಿದ್ದಾಗ ಆಂಡಿಯ ಪಕ್ಕದಲ್ಲೇ ನಿಂತು ಆಡಿದವನು, ಬಂದು ಅವನ ಇನ್ನೊಂದು ತೋಳು ಹಿಡಿದುಕೊಂಡ. ಇಬ್ಬರೂ ಸೇರಿ ಅವನನ್ನು ಮೆಲ್ಲಗೆ ಹೊರಗೆ ಕರೆತಂದರು. ಅಷ್ಟು ಹೊತ್ತಿಗೆ ನಗು ನಿಂತಿತ್ತು.

ಆಂಡಿ ಆ ನದೀತೀರದ ಊರಿಗೇ ಹೆಮ್ಮೆಯ ಹುಡುಗನಾಗಿದ್ದವನು. ಉಕ್ಕಿನ ಕಾರ್ಖಾನೆ ಮುಚ್ಚುತ್ತಿದ್ದ ಕಾಲದಲ್ಲಿ ಬರೀ ಫುಟ್‌ಬಾಲಿನ ಬಲದಿಂದ ಕಾಲೇಜು ಮೆಟ್ಟಿಲು ಹತ್ತಿದ್ದ. ಅಲ್ಲಿ ದಿನವೂ ತಲೆಗೆ ತಲೆ ಕೊಟ್ಟು ಗುದ್ದಾಡುವುದೇ ಅಭ್ಯಾಸ. ಕಣ್ಣು ಕತ್ತಲೆ ಬಂದು ಬಿದ್ದರೆ ಮೂಗಿಗೆ ಘಾಟು ಔಷಧಿ ಹಿಡಿದು ಮತ್ತೆ ಒಳಗೆ ಅಟ್ಟುತ್ತಿದ್ದರು. ನಲವತ್ತೈದು ದಾಟುತ್ತಲೇ ಅವನಿಗೆ ಕಾರಣವಿಲ್ಲದ ಸಿಟ್ಟು, ಕಾರಣವಿಲ್ಲದ ಅಳು ಶುರುವಾದವು. ಮೈದಾನಕ್ಕೆ ಇಳಿದುಹೋದ ಆ ಸಂಜೆಯ ನಂತರ ಅವನು ಬಹಳ ಕಾಲ ಉಳಿಯಲಿಲ್ಲ. ಕೊನೆಯ ಚಳಿಗಾಲದಲ್ಲಿ ಹೆಂಡತಿಯನ್ನು ದಾದಿ ಎಂದುಕೊಂಡು, "ನಿಮ್ಮ ಕೈ ಬೆಚ್ಚಗಿದೆ ಕಣ್ರೀ," ಎನ್ನುತ್ತಿದ್ದ.

ಅವನ ಮೆದುಳನ್ನು ಬರ್ನಡೆಟ್ ಸಂಶೋಧನೆಗೆ ಕೊಟ್ಟಳು. ಪರೀಕ್ಷೆ ಮಾಡಿದ ವೈದ್ಯರು ಅವಳನ್ನು ಕೂರಿಸಿಕೊಂಡು ಹೇಳಿದರು: "ಇದು ಒಂದು ದೊಡ್ಡ ಏಟಿಂದ ಆಗಿದ್ದಲ್ಲಮ್ಮ. ವರ್ಷಗಟ್ಟಲೆ ಬಿದ್ದ ಸಣ್ಣ ಸಣ್ಣ ಏಟುಗಳಿಂದ."

ಬರ್ನಡೆಟ್ ಅವತ್ತು ಅಳಲಿಲ್ಲ. ಇಮಾನಿ ಗ್ರಿಯರ್ ಎಂಬ ವಕೀಲೆಯನ್ನು ಹುಡುಕಿಕೊಂಡು ಹೋಗಿ, ಆಂಡಿಯ ಕಾಲೇಜು ಸೇರಿದ್ದ ಕ್ರೀಡಾ ಒಕ್ಕೂಟದ ಮೇಲೆ ದಾವೆ ಹೂಡಿದಳು. ಅಪಾಯ ಗೊತ್ತಿದ್ದೂ ಹುಡುಗರಿಂದ ಮುಚ್ಚಿಟ್ಟರು ಎಂಬುದು ಅವಳ ದೂರು.

ಅಂಥ ದಾವೆಗಳು ಬೇರೆ ಕಡೆಯೂ ಒಂದರ ಹಿಂದೊಂದು ಏಳುತ್ತಿದ್ದವು. ವಿಮೆಯವರು ಹೆದರಿ ಶಾಲೆಗಳ ಕಂತನ್ನು ಏರಿಸಿಬಿಟ್ಟರು. ಕೋಲ್ಟನ್ ಫೆರಿಯಲ್ಲಿ ಮುಂದಿನ ವರ್ಷ ತಂಡವೇ ಇರುವುದಿಲ್ಲವಂತೆ ಎಂಬ ಮಾತು ಹಬ್ಬಿತು. ಸ್ಟಾಲಿಗೆ ಬರುವುದು ಬೇಡ ಎಂದು ಅವಳಿಗೆ ಹೇಳಿಕಳಿಸಿದರು. ಚರ್ಚಿನಲ್ಲಿ ಅವಳು ಕೂತ ಬೆಂಚಿನಲ್ಲಿ ಬೇರೆ ಯಾರೂ ಕೂರದಾದರು.

ಒಂದು ಭಾನುವಾರ ಸ್ಟ್ಯಾನ್ ಅವಳ ಅಡುಗೆಮನೆಗೆ ಬಂದು ಕೂತ. ಕಾಫಿ ಮುಟ್ಟಲಿಲ್ಲ.

"ಆಟಾನೇ ಮುಚ್ಚಿಸಿಬಿಡ್ತೀಯ ಬರ್ನಿ. ಈ ಊರಲ್ಲಿ ಇನ್ನೇನು ಉಳಿದಿದೆ ಹೇಳು?"

"ಮುಚ್ಚಿಸೋದಾಗಿದ್ರೆ ಇಷ್ಟು ವರ್ಷ ನಿಮಗೆಲ್ಲ ಯಾಕೋ ಬೇಯಿಸಿ ಹಾಕ್ತಿದ್ದೆ? ಏಟು ಬಿದ್ದವನನ್ನ ಕೂರಿಸಿ ಅಂತೀನಿ. ದಿನಾ ಗುದ್ದಾಡಿಸಬೇಡಿ ಅಂತೀನಿ."

"ಗುದ್ದಾಡದೆ ಕಲಿಯೋಕಾಗತ್ತಾ? ನಾವು ಆಡ್ಲಿಲ್ವಾ? ನನಗೇನಾಗಿದೆ?"

ಬರ್ನಡೆಟ್ ಕುರ್ಚಿ ಎಳೆದುಕೊಂಡು ಅವನೆದುರು ಕೂತಳು. "ಹೋದ ವಾರ ನಿನ್ನ ಮನೆ ತಿರುವೇ ಮರೆತು ಸೇತುವೆ ತನಕ ಹೋಗಿದ್ಯಂತಲ್ಲ, ಸ್ಟ್ಯಾನ್. ನಿನ್ನ ಹೆಂಡತಿ ನನ್ನ ಹತ್ರ ಅತ್ತಳು."

ಸ್ಟ್ಯಾನ್ ಟೋಪಿ ಎತ್ತಿಕೊಂಡು ಹೊರಟುಹೋದ.

ದಾವೆಗಾಗಿ ಅವಳ ಹೇಳಿಕೆ ಪಡೆಯುವ ದಿನ ಒಕ್ಕೂಟದ ವಕೀಲ ನಯವಾಗಿಯೇ ಕೇಳಿದ: "ನಿಮ್ಮ ಯಜಮಾನರು ಎದುರಾಳೀನ ಗುದ್ದಿ ಕೆಡವಿದಾಗ ನೀವೂ ಎದ್ದು ನಿಂತು ಕೂಗ್ತಿದ್ರಿ, ಅಲ್ವಾ ಮೇಡಂ?"

"ಕೂಗ್ತಿದ್ದೆ. ಇಡೀ ಮೈದಾನದಲ್ಲಿ ನನ್ನ ಗಂಟಲೇ ದೊಡ್ಡದು," ಎಂದಳು ಬರ್ನಡೆಟ್. "ನಂಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತು."

ಅದಾದ ಮೇಲೆ ರಾಜಿಯ ಮಾತು ಬಂತು. ಕೈತುಂಬ ಪರಿಹಾರ, ಆದರೆ ಈ ವಿಷಯ ಮುಂದೆಂದೂ ಎಲ್ಲಿಯೂ ಆಡಬಾರದು ಎಂಬ ಷರತ್ತು. ಇಮಾನಿ ಬಿಡಿಸಿ ಹೇಳಿದಳು: "ಒಪ್ಪದಿದ್ರೆ ಇನ್ನೂ ವರ್ಷಗಟ್ಟಲೆ ಎಳೆಯುತ್ತೆ. ಸೋಲಲೂಬಹುದು. ನಿಮ್ಮ ಜಾಗದಲ್ಲಿ ಬಹಳ ಜನ ಒಪ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ."

"ಎಳೀಲಿ. ಬಾಯಿ ಮುಚ್ಕೊಂಡು ಬದುಕೋಕೆ ಅಂತ ಅವನ ತಲೆ ಕೊಯ್ಯಿಸಲಿಲ್ಲ ನಾನು."

ಎಳೆಯಿತು. ಅವಳು ಶಾಲೆಯ ಬಸ್ಸು ಓಡಿಸುತ್ತ, ಸಂಜೆ ಆಂಡಿಯ ಜೊತೆ ಆಡಿದವರ ಮನೆಮನೆಗೆ ಹೋದಳು. ಕೆಲವರು ಬಾಗಿಲು ತೆರೆಯಲಿಲ್ಲ. ಕೆಲವು ಮನೆಗಳಲ್ಲಿ ಹೆಂಡತಿಯರು ಗಂಡಂದಿರನ್ನು ಒಳಗೆ ಬಿಟ್ಟು ಅಂಗಳಕ್ಕೆ ಬಂದು ಪಿಸುಮಾತಿನಲ್ಲಿ ಎಲ್ಲ ಹೇಳಿದರು. ಕೊನೆಗೆ ಒಂದಷ್ಟು ಮಂದಿ ಸಾಕ್ಷಿ ಹೇಳಲು ಒಪ್ಪಿದರು. ವಿಚಾರಣೆ ಹತ್ತಿರ ಬರುತ್ತಿದ್ದಂತೆ ಒಕ್ಕೂಟ ಆ ಷರತ್ತನ್ನು ಕೈಬಿಟ್ಟು, ಪರಿಹಾರ ಕೊಟ್ಟು ರಾಜಿ ಮಾಡಿಕೊಂಡಿತು. ತಪ್ಪು ಒಪ್ಪಿಕೊಳ್ಳಲಿಲ್ಲ, ಅದು ಬರ್ನಡೆಟ್‌ಗೆ ಕೊನೆಯವರೆಗೂ ಚುಚ್ಚುತ್ತಲೇ ಇತ್ತು. ಆದರೆ ಬಾಯಿ ಅವಳದೇ ಉಳಿಯಿತು.

ಅದನ್ನು ಮೊದಲು ಬಳಸಿದ್ದು ತನ್ನೂರಿನ ಶಾಲಾ ಮಂಡಳಿಯ ಸಭೆಯಲ್ಲಿ. ಗುದ್ದಾಟದ ಅಭ್ಯಾಸ ವಾರಕ್ಕೆ ಒಂದೇ ದಿನ ಇರಲಿ. ಏಟು ಬಿದ್ದವನು ಮತ್ತೆ ಆಡಬಹುದೋ ಬಾರದೋ ಎಂಬುದನ್ನು ಕೋಚ್ ಅಲ್ಲ, ಹೊರಗಿನ ವೈದ್ಯರು ಹೇಳಲಿ. ಚಿಕ್ಕ ತರಗತಿಯವರು ಗುದ್ದುವ ಬದಲು ಎದುರಾಳಿಯ ಸೊಂಟದ ಪಟ್ಟಿ ಕಿತ್ತುಕೊಳ್ಳುವ ಆಟವನ್ನೇ ಆಡಲಿ. ಸಭೆಯಲ್ಲಿ ಗದ್ದಲವೆದ್ದಿತು.

"ಹೆಲ್ಮೆಟ್ ಯಾಕೆ, ಎಲ್ಲರಿಗೂ ದಿಂಬು ಕಟ್ಟಿ ಕಳಿಸೋಣ ಬಿಡಿ," ಎಂದ ಒಬ್ಬ.

ಆಗ ಹಿಂದಿನ ಸಾಲಿನಿಂದ ಸ್ಟ್ಯಾನ್ ಎದ್ದ. ಅವನಿಗೆ ಮಾತು ಹುಡುಕಿಕೊಳ್ಳಲು ಸಮಯ ಹಿಡಿಯಿತು, ಜನ ಕಾದರು.

"ನಾನು ವೈದ್ಯರಿಗೆ ತೋರಿಸ್ಕೊಂಡೆ," ಎಂದ. "ಏನಂದ್ರು ಅಂತ ಇಲ್ಲಿ ಹೇಳಲ್ಲ. ಬರ್ನಿ ಕೇಳಿದ್ದು ಕೊಡಿ. ಕೊಡಲ್ಲ ಅಂದ್ರೆ ಬೇರೆ ಕೋಚ್ ನೋಡ್ಕೊಳ್ಳಿ."

ನಿಯಮ ಒಂದೇ ಮತದ ಅಂತರದಲ್ಲಿ ಪಾಸಾಯಿತು. ವಿಮೆಯವರೂ ಒಪ್ಪಿದರು, ತಂಡ ಉಳಿಯಿತು. ಕೆಲವು ಮನೆಯವರು ಮಕ್ಕಳನ್ನು ಬೇರೆ ಶಾಲೆಗೆ ಹಾಕಿದರು. ಆ ಋತುವಿನಲ್ಲಿ ಕೋಲ್ಟನ್ ಫೆರಿ ಸೋತದ್ದೇ ಹೆಚ್ಚು. ಪೆಟ್ರೋಲ್ ಬಂಕಿನಲ್ಲಿ ಒಬ್ಬ ಅವಳನ್ನು ತಡೆದು, "ಏನು ಬರ್ನಿ, ನಿನ್ನ ಹುಡುಗರು ಮುಟ್ಟಾಟ ಆಡ್ತಿದಾರಂತೆ?" ಎಂದ.

"ಹೂಂ ಕಣೋ. ನಿನ್ನ ವಯಸ್ಸಿಗೆ ಬಂದಾಗ ಅವರಿಗೆ ಆಡಿದ್ದಾದ್ರೂ ನೆನಪಿರತ್ತೆ," ಎಂದು ಅವಳು ಬಂಕಿನ ಪೈಪನ್ನು ತೂಗುಹಾಕಿದಳು.

ನದಿಯಾಚೆಯ ಊರಿನ ಶಾಲಾ ಮಂಡಳಿ ಅವಳಿಗೆ ಅವತ್ತು ಇದೇ ನಿಯಮಗಳ ಬಗ್ಗೆ ಮಾತಾಡಲು ಅವಕಾಶ ಕೊಟ್ಟಿತ್ತು. ಅಲ್ಲಿಯವರು ಮೊದಲೊಮ್ಮೆ ಅವಳನ್ನು ಬೇಡವೆಂದು ವಾಪಸ್ ಕಳಿಸಿದ್ದವರೇ. ಬರ್ನಡೆಟ್ ಕಾರಿನ ಕನ್ನಡಿಯಲ್ಲಿ ಕೂದಲು ಸರಿಮಾಡಿಕೊಂಡು ಆ ಕಡೆಗೆ ಹೊರಟಳು.