ತಾರಸಿ ಪೈಪಿನಲ್ಲಿ ಮಂತ್ರಿಸಿದ ಗರಿ

ಮಳೆಗಾಗಿ ದೇವರಿಗೆ ವಂದನೆ ಹೇಳುವುದರಲ್ಲಿ ನನ್ನನ್ನು ಮೀರಿಸುವವರು ಇಡೀ ಜಕ್ಕೂರಿನಲ್ಲೇ ಇಲ್ಲ ಎಂದುಕೊಂಡಿದ್ದೆ. ಆ ಬೇಸಿಗೆಯಲ್ಲಿ ಮನೆಯ ಬೋರ್‌ವೆಲ್ ಬತ್ತಿ, ಟ್ಯಾಂಕರ್ ಬಂದರೆ ನೆಂಟರು ಬಂದಷ್ಟು ಸಂಭ್ರಮಪಡುತ್ತಿದ್ದೆವು. ಹಾಗಾಗಿ ಮೊದಲ ಮಳೆ ಸುರಿದ ಮಧ್ಯಾಹ್ನ ನಾನು ಬಾಲ್ಕನಿಯಲ್ಲಿ ಕಣ್ಣು ಮುಚ್ಚಿ ನಿಂತು, ಗಟ್ಟಿಯಾಗಿ ಸ್ತೋತ್ರ ಹೇಳತೊಡಗಿದೆ. ಅಕ್ಕಪಕ್ಕದವರಿಗೂ ಕೇಳಲಿ ಎಂಬ ಆಸೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

"ಸ್ತೋತ್ರ ಆಮೇಲ್ ಹೇಳ್ರೀ, ಮೆಟ್ಟಿಲ ಮೇಲೆ ನೀರು ಇಳೀತಾ ಇದೆ!" ಎಂದು ಹೆಂಡತಿ ಕೂಗಿದಳು.

ತಾರಸಿಗೆ ಓಡಿದೆ. ಪಾದ ಮುಳುಗುವಷ್ಟು ನೀರು ನಿಂತು, ಹೊಸಿಲು ದಾಟಿ ಮೆಟ್ಟಿಲಿಗೆ ಹರಿಯುತ್ತಿತ್ತು. ಮಳೆನೀರಿನ ಪೈಪಿನ ಬಾಯಿಗೆ ಕೈ ಹಾಕಿ ಎಳೆದರೆ ಬಂದದ್ದು ಒಣಗಿದ ತೆಂಗಿನ ಗರಿಗಳ ಸಿವುಡು. ಅಯ್ಯೋ ಕರ್ಮವೇ, ನನ್ನದೇ!

ಈಸ್ಟರ್ ಹಬ್ಬದ ಹಿಂದಿನ ವಾರ, ಗರಿಗಳ ಭಾನುವಾರ, ಚರ್ಚಿನಲ್ಲಿ ಮಂತ್ರಿಸಿ ಕೊಡುವ ಗರಿಯನ್ನು ನಾವು ಕಸಕ್ಕೆ ಹಾಕುವಂತಿಲ್ಲ. ಶಿಲುಬೆಯ ಹಿಂದೆ ಸಿಕ್ಕಿಸಿಟ್ಟು ಮುಂದಿನ ವರ್ಷ ಚರ್ಚಿಗೆ ಹಿಂದಿರುಗಿಸಬೇಕು. ಅಲ್ಲಿ ಅದನ್ನು ಸುಟ್ಟು, ತಪಸ್ಸುಕಾಲದ ಮೊದಲ ದಿನ ಹಣೆಗಿಡುವ ಬೂದಿ ಮಾಡುತ್ತಾರೆ. ಏಳು ವರ್ಷದಿಂದ ನಾಳೆ ಕೊಟ್ಟರಾಯಿತು ಎನ್ನುತ್ತಾ ಎಲ್ಲವನ್ನೂ ತಾರಸಿಯ ಟ್ಯಾಂಕಿನ ಕೆಳಗೆ ತುರುಕಿದ್ದೆ. ಕಸಕ್ಕೆ ಹಾಕಲಿಲ್ಲವಲ್ಲ ಎಂದು ಬೆನ್ನು ಬೇರೆ ತಟ್ಟಿಕೊಂಡಿದ್ದೆ. ಈಗ ಮಳೆಯ ರಭಸ ಅದನ್ನು ಪೈಪಿನ ಬಾಯಿಗೆ ತಳ್ಳಿತ್ತು.

ಮೆಟ್ಟಿಲ ಬುಡದಲ್ಲಿ, ಕೆಳಗಿನ ಮನೆಯಲ್ಲಿರುವ ಓನರ್ ಅಮ್ಮನವರ ಎರಡು ಮೂಟೆ ರಾಗಿ ಇತ್ತು. ಅವರದು ಈ ಊರಿನ ಹಳೇ ಒಕ್ಕಲು ಮನೆತನ. ಹೊಲವೆಲ್ಲ ಅಪಾರ್ಟ್‌ಮೆಂಟ್ ಆದಮೇಲೆ ಉಳಿದ ತುಂಡು ನೆಲದಲ್ಲಿ ತಾವೇ ನಿಂತು ಬೆಳೆಸಿದ್ದು. ವರ್ಷವಿಡೀ ಅವರ ಮನೆಯ ಮುದ್ದೆಗೆ ಅದೇ ರಾಗಿ.

ಅವರು ಸೆರಗು ಸಿಕ್ಕಿಸಿಕೊಂಡು ಮೇಲೆ ಬಂದರು. "ರಾಗಿ ಮೂಟೆ ಎಲ್ಡೂ ನೆಂದೋಯ್ತು. ಏನ್ ಸಾರ್ ಇದು, ಯಾಕಿಂಗೆ ಕಟ್ಕೊಂಡೈತೆ?"

ಯಾವುದೋ ಮರದಿಂದ ಹಾರಿ ಬಂದಿರಬೇಕು ಎಂಬ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಸಿವುಡಿಗೆ ನಾನೇ ಕಟ್ಟಿದ ದಾರ ಹಾಗೇ ಇತ್ತಲ್ಲ.

"ಚರ್ಚಿಂದು ಅಮ್ಮಾ, ದೇವರ ಗರಿ. ಎಸೀಬಾರ್ದು ಅಂತ ನಾನೇ ಇಲ್ಲಿಟ್ಟಿದ್ದೆ. ತಪ್ಪು ನಂದೇ."

ಮನೆ ಖಾಲಿ ಮಾಡಿ ಎನ್ನುತ್ತಾರೆ ಎಂದೇ ಎಣಿಸಿದ್ದೆ. ಅವರು ನನ್ನ ಕಾಲು ನೋಡಿದರು.

"ದೇವ್ರುದು ಅಂತೀರ, ಅದ್ರ ಮೇಲೇ ನಿಂತಿದ್ದೀರಲ್ಲ ಸಾರ್! ತೆಗೀರಿ ಕಾಲು."

ಹೌದು, ನಾಲ್ಕಾರು ಗರಿ ಜಾರಿ ನನ್ನ ಪಾದದಡಿ ಸೇರಿದ್ದವು. ಅವರು ಬಗ್ಗಿ ಒಂದೊಂದನ್ನೇ ಎತ್ತಿ, ಕಣ್ಣಿಗೊತ್ತಿಕೊಂಡು, ಟ್ಯಾಂಕಿನ ಮುಚ್ಚಳದ ಮೇಲೆ ಸಾಲಾಗಿ ಇಟ್ಟರು.

"ಅಮ್ಮಾ, ನಿಮ್ ರಾಗಿ..."

"ರಾಗಿ ಬಿಸ್ಲಿಗಾಕಿದ್ರೆ ಒಣಗ್ತೈತೆ. ಮಳೆನೇ ಬರ್ದಿದ್ರೆ ಏನ್ ಮಾಡ್ತಿದ್ವಿ? ನಿಮ್ ದೇವ್ರೋ ನಮ್ ದೇವ್ರೋ, ಕೊಟ್ನಲ್ಲ. ಬನ್ನಿ, ಮೂಟೆಗೆ ಕೈ ಆಕಿ."

ನನ್ನ ಅಷ್ಟುದ್ದದ ಸ್ತೋತ್ರಕ್ಕಿಂತ ಈ ಮಾತೇ ದೇವರಿಗೆ ಹಿಡಿಸಿರಬೇಕು ಅನ್ನಿಸಿ ಹೊಟ್ಟೆ ಉರಿಯಿತು. ಅದರ ಹಿಂದೆಯೇ ನಾಚಿಕೆಯೂ ಬಂತು.

ಒದ್ದೆ ಮೂಟೆಯ ಒಂದು ತುದಿ ಅವರು ಹಿಡಿದರು, ಇನ್ನೊಂದು ನಾನು. ಅವರ ಹಜಾರಕ್ಕೆ ಹೊತ್ತೊಯ್ಯುವಾಗ ನನಗೆ ಅಳು ಬಂದುಬಿಟ್ಟಿತು.

"ಯಾಕ್ ಸಾರ್, ಏನಾಯ್ತು?" ಎಂದರು.

ಭಾರ ಅಂದೆ.