ಮೂರು ಸಲ ದಡಾರ ಬಂದಾಕೆ

ಆಕೆ ಬಾಯಿ ತೆರೆದರೆ ಮೂರು ಬೀದಿಯ ನಾಯಿಗಳು ಬೊಗಳುವುದನ್ನು ನಿಲ್ಲಿಸುತ್ತವೆ ಎಂದು ನೆರೆಹೊರೆಯವರು ಹೇಳುತ್ತಿದ್ದರು. ಇದು ಉತ್ಪ್ರೇಕ್ಷೆ. ಎರಡು ಬೀದಿಯವು ನಿಲ್ಲಿಸುತ್ತಿದ್ದವು, ಅಷ್ಟೆ. ಮೂರನೆಯ ಬೀದಿಯ ನಾಯಿಗೆ ಕಿವಿ ಕೇಳುತ್ತಿರಲಿಲ್ಲ.

ವಿಶ್ವವಿದ್ಯಾಲಯದ ಹುಡುಗಿಯರ ಹಾಸ್ಟೆಲ್ ನೋಡಿಕೊಳ್ಳುವುದು ಆಕೆಯ ಕೆಲಸ. ಹುಡುಗಿಯರ ಬಾಯಲ್ಲಿ ಆಕೆ 'ಅತ್ತೆ'. ಮದುವೆಗೆ ಮುಂಚೆಯೇ ಅಭ್ಯಾಸವಾಗಿರಲಿ ಎಂದು ಯಾವಳೋ ಹಳೆಯ ವಿದ್ಯಾರ್ಥಿನಿ ಇಟ್ಟ ಹೆಸರಂತೆ. ನಲ್ಲಿ ನಿಲ್ಲಿಸದೆ ಹೋದವಳಿಗೂ ಬೈಗುಳ, ನಲ್ಲಿಯನ್ನು ಅತಿಯಾಗಿ ತಿರುಗಿಸಿ ಕೆಡಿಸಿದವಳಿಗೂ ಬೈಗುಳ. ಯಾರಿಗಾದರೂ ಜ್ವರ ಬಂದರೆ ಮಾತ್ರ ಹಾಸಿಗೆಯ ಪಕ್ಕ ಸ್ಟೂಲು ಎಳೆದುಕೊಂಡು ಕೂತು, ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ, ಅಲ್ಲೇ ಬೈಯುತ್ತಿದ್ದಳು. ಜ್ವರ ಇಳಿಯುತ್ತಿತ್ತು. ಬಟ್ಟೆಗೋ ಬೈಗುಳಕ್ಕೋ ಎಂದು ಯಾರೂ ವಿಚಾರಿಸಲಿಲ್ಲ.

ಹಾಸ್ಟೆಲಿನ ಹಿಂದಿನ ಬೀದಿಯಲ್ಲಿ ಮನೆ. ಮಗಳು, ಅಳಿಯ, ಇನ್ನೂ ಹಲ್ಲು ಮೂಡದ ಮೊಮ್ಮಗಳು. ಅಳಿಯ ಮಿತಭಾಷಿ. ಆ ಮನೆಯಲ್ಲಿ ಬೇರೇನಾಗಲೂ ಅವನಿಗೆ ಅವಕಾಶವಿರಲಿಲ್ಲ.

ಬೇರೆಯವರು ಮೂರು ಮನೆ ಕಟ್ಟಿಸಿದ್ದನ್ನು ಹೇಳಿಕೊಳ್ಳುವ ಧಾಟಿಯಲ್ಲಿ ಆಕೆ ತನಗೆ ಮೂರು ಸಲ ದಡಾರ ಬಂದದ್ದನ್ನು ಹೇಳಿಕೊಳ್ಳುತ್ತಿದ್ದಳು. ಆಕೆಯ ತಾಯಿಗೆ ಗೊತ್ತಿದ್ದ ಕಾಯಿಲೆ ಅದೊಂದೇ. ಮಕ್ಕಳ ಮೈಮೇಲೆ ಕೆಂಪಗೆ ಏನೇ ಎದ್ದರೂ, ಅದು ಸೆಕೆಯ ಬೊಕ್ಕೆಯಿರಲಿ, ಸೊಳ್ಳೆ ಕಚ್ಚಿದ ಗಂಧೆಯಿರಲಿ, ಹೊಸ ಉಣ್ಣೆಬಟ್ಟೆಯ ತುರಿಕೆಯಿರಲಿ, "ದಡಾರ" ಎಂದು ತೀರ್ಪು ಕೊಟ್ಟು ಮಲಗಿಸಿಬಿಡುತ್ತಿದ್ದಳು. ತಾಯಿಯ ಮಾತು ಕಲ್ಲಿನ ಮೇಲಿನ ಗೆರೆ. ಈಕೆ ಅದನ್ನು ಅಳಿಸದೆ ಕಾಪಾಡಿಕೊಂಡು ಬಂದಿದ್ದಳು.

ಹೀಗಿರುವಾಗ ಮೊದಲ ವರ್ಷದ ಹುಡುಗಿಯೊಬ್ಬಳು ರಜೆ ಮುಗಿಸಿ ಬಂದವಳೇ ಮಲಗಿದಳು. ಜ್ವರ, ಕೆಮ್ಮು, ಕೆಂಪು ಕಣ್ಣು. ಅತ್ತೆ ಸ್ಟೂಲು ಎಳೆದುಕೊಂಡು ಕೂತಳು. ಮುಖದಿಂದ ಶುರುವಾದ ಗುಳ್ಳೆ ಕುತ್ತಿಗೆಗೆ ಇಳಿದಾಗ ವಿಶ್ವವಿದ್ಯಾಲಯದ ಡಾಕ್ಟರಮ್ಮ ಬಂದು ನೋಡಿ, ದಡಾರ ಎಂದಳು, ಹುಡುಗಿಯನ್ನು ಆಸ್ಪತ್ರೆಗೆ ಸಾಗಿಸಿದಳು. ಮಾರನೆಯ ದಿನವೇ ಊಟದ ಕೋಣೆಯಲ್ಲಿ ಲಸಿಕೆ ಹಾಕುವುದೆಂದಾಯಿತು.

ಹುಡುಗಿಯರನ್ನು ಕೋಣೆಕೋಣೆಯಿಂದ ಎಬ್ಬಿಸಿ ತಂದವಳು ಅತ್ತೆ.

"ಅತ್ತೆ, ನನಗೆ ಚಿಕ್ಕೋಳಿದ್ದಾಗ್ಲೇ ಹಾಕ್ಸಿದ್ದಾರೆ ಅನ್ಸುತ್ತೆ."

"ಅನ್ಸುತ್ತೆ ಅಂದ್ರೆ ಏನೇ? ಊಟ ಮಾಡಿದ್ದೀನಿ ಅನ್ಸುತ್ತೆ ಅಂತ ತಟ್ಟೆ ಬಿಟ್ಟು ಏಳ್ತೀಯಾ? ನಡಿ."

"ನಾಳಿದ್ದು ಪರೀಕ್ಷೆ ಅತ್ತೆ!"

"ತೋಳಿಗೆ ಹಾಕೋದು ಕಣೇ, ತಲೆಗಲ್ಲ. ನಿನ್ನ ತಲೆಗೆ ಏನು ಹಾಕಿದ್ರೂ ಪ್ರಯೋಜನ ಇಲ್ಲ ಅಂತ ಅವರಿಗೂ ಗೊತ್ತು."

ಎರಡು ಡೋಸ್ ಆಗಿದೆಯೋ ಇಲ್ಲವೋ ಗೊತ್ತಿಲ್ಲದವರು ಹಾಕಿಸಿಕೊಳ್ಳಿ, ಮತ್ತೊಂದು ಬಿದ್ದರೆ ನಷ್ಟವಿಲ್ಲ ಎಂದು ಡಾಕ್ಟರಮ್ಮ ಎಲ್ಲರಿಗೂ ಹೇಳುತ್ತಿದ್ದಳು. ಆದರೂ ಒಂದಷ್ಟು ಜನ ಹಿಂಬಾಗಿಲಿನಿಂದ ಜಾರಿಕೊಂಡರು. ಸಾಲು ಕರಗಿದ ಮೇಲೆ ಡಾಕ್ಟರಮ್ಮ ಅತ್ತೆಯತ್ತ ತಿರುಗಿದಳು.

"ನೀವೂ ತೋಳು ಕೊಡಿ ಅಮ್ಮ. ಆ ಹುಡುಗಿ ಪಕ್ಕಾನೇ ಕೂತಿದ್ರಿ. ಈಗ್ಲೇ ಹಾಕಿಸ್ಕೊಂಡ್ರೆ ಉಪಯೋಗ ಆಗ್ಬಹುದು."

"ನನಗೆ ಬೇಕಿಲ್ಲ. ಮೂರು ಸಲ ಬಂದು ಹೋಗಿದೆ."

ಡಾಕ್ಟರಮ್ಮ ಸಿರಿಂಜನ್ನು ಕೆಳಗಿಟ್ಟಳು. "ದಡಾರ ಒಂದ್ಸಲ ಬಂದ್ರೆ ಸಾಮಾನ್ಯವಾಗಿ ಮತ್ತೆ ಬರಲ್ಲ. ಮೂರು ಸಲ ಬಂತು ಅಂದ್ರೆ, ಒಂದ್ಸಲಾನೂ ಬಂದಿಲ್ವೇನೋ ಅಂತ ನನಗೆ ಅನುಮಾನ."

"ನಮ್ಮಮ್ಮ ಸುಳ್ಳು ಹೇಳಿದ್ಲು ಅಂತೀರಾ?"

"ಹಾಗಲ್ಲಮ್ಮ..."

"ರಕ್ತ ತಗೊಳ್ಳಿ. ಪರೀಕ್ಷೆ ಮಾಡ್ಸಿ. ಮೂರೂ ಸಲದ್ದು ಅದರಲ್ಲೇ ಕಾಣುತ್ತೆ."

"ಆಯ್ತು, ತಗೋತೀನಿ. ಲಸಿಕೇನೂ ಹಾಕಿಬಿಡ್ತೀನಿ."

"ರಿಪೋರ್ಟ್ ಬರಲಿ, ಆಮೇಲೆ."

"ಅತ್ತೆ, ಅದೂ ಸೂಜಿನೇ, ಇದೂ ಸೂಜಿನೇ," ಎಂದಳು ಹತ್ತಿರ ನಿಂತಿದ್ದ ಹುಡುಗಿ.

"ಅದು ತೆಗೆಯೋದು, ಇದು ಹಾಕೋದು. ಇಷ್ಟು ವ್ಯತ್ಯಾಸ ಗೊತ್ತಾಗದವಳು ಎಂ.ಎಸ್ಸಿ. ಓದ್ತಾಳಂತೆ!"

ಸೂಜಿಗೆ ಆಕೆ ಹೆದರಿದ್ದಳೆಂದು ಹುಡುಗಿಯರು ಆಮೇಲೆ ಆಡಿಕೊಂಡರು. ಅದು ನಿಜವಲ್ಲ. ಲಸಿಕೆ ಹಾಕಿಸಿಕೊಂಡರೆ ತಾಯಿಯ ಮಾತನ್ನು ಸುಳ್ಳೆಂದು ಒಪ್ಪಿದಂತಾಗುತ್ತಿತ್ತು. ಸತ್ತವರು ವಾದಕ್ಕೆ ಬರಲಾರರು, ಅವರ ಪರವಾಗಿ ಯಾರಾದರೂ ನಿಲ್ಲಬೇಕಲ್ಲ. ರಕ್ತ ಪರೀಕ್ಷೆಗೆ ಹೋಯಿತು, ಆಕೆ ಮನೆಗೆ ಹೋದಳು, ಎಂದಿನಂತೆ ಮೊಮ್ಮಗಳನ್ನು ಎದೆಯ ಮೇಲೆ ಮಲಗಿಸಿಕೊಂಡಳು.

ಮುಂದೆ ನಡೆದದ್ದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು, ಕೊನೆಗೆ ಉಳಿಸಿಕೊಂಡು ಮಾಡುವುದೇನಿದೆ. ಆಕೆಗೆ ದಡಾರ ಬಂತು. ಲೆಕ್ಕಕ್ಕೆ ನಾಲ್ಕನೆಯದು, ನಿಜಕ್ಕೆ ಮೊದಲನೆಯದು. ಆ ವಯಸ್ಸಿಗೆ ಬಂದದ್ದು ಶ್ವಾಸಕೋಶಕ್ಕೆ ಇಳಿಯಿತು. ಆಸ್ಪತ್ರೆಯಲ್ಲಿ ನರ್ಸುಗಳಿಗೆ ಬೈಯುವಷ್ಟು ದಿನ ಬೈದು, ಆಮೇಲೆ ಉಸಿರು ಸಾಲದೆ ಸುಮ್ಮನಾದಳು. ಆಕೆ ಸುಮ್ಮನಾದಳೆಂದು ಕೇಳಿದಾಗಲೇ ನೆರೆಹೊರೆಯವರಿಗೆ ಆಕೆ ಇನ್ನು ಬರುವುದಿಲ್ಲವೆಂದು ಅರ್ಥವಾಯಿತು. ಅಂದು ಹಿಂಬಾಗಿಲಿನಿಂದ ಜಾರಿಕೊಂಡಿದ್ದವರೆಲ್ಲ ತಾವಾಗಿಯೇ ಬಂದು ಆರೋಗ್ಯ ಕೇಂದ್ರದ ಮುಂದೆ ನಿಂತರು. ಯಾರೂ ಕೂಗಿರಲಿಲ್ಲ, ಸಾಲು ನೆಟ್ಟಗಿತ್ತು. ಆಕೆ ನೋಡಿದ್ದರೆ ಅದರಲ್ಲೂ ಒಂದು ಸೊಟ್ಟ ಹುಡುಕುತ್ತಿದ್ದಳು. ಮೊಮ್ಮಗಳಿಗೆ ಏನೂ ಆಗಲಿಲ್ಲ. ವಯಸ್ಸು ತುಂಬಿದಾಗ ಅವಳಿಗೂ ಲಸಿಕೆ ಹಾಕಿಸಿದರು. ಅವಳ ಅಳು ಕೇಳಿ ನರ್ಸು ಕಿವಿ ಮುಚ್ಚಿಕೊಂಡಳಂತೆ.

ಮೊಮ್ಮಗಳಿಗೆ ಏನೂ ಆಗದ್ದಕ್ಕೆ ಕಾರಣವಿದೆ. ಅದು ರಿಪೋರ್ಟ್ ಬಂದ ಬೆಳಗಿನ ಮಾತು.

ಕೂಸು ಆಕೆಯ ತೊಡೆಯ ಮೇಲಿತ್ತು. ಒಲೆಯ ಮೇಲೆ ಹಾಲಿತ್ತು. ಫೋನಿನಲ್ಲಿ ಡಾಕ್ಟರಮ್ಮ, "ಅಮ್ಮ, ನಿಮ್ಮ ರಕ್ತದಲ್ಲಿ ದಡಾರದ ಗುರುತೇ ಇಲ್ಲ. ಒಂದ್ಸಲಾನೂ ಬಂದಿಲ್ಲ. ಈಗ ಲಸಿಕೆ ಹಾಕಿದ್ರೂ ಆ ಹುಡುಗಿಯಿಂದ ಅಂಟಿರೋದನ್ನ ತಡೆಯೋಕೆ ತಡವಾಯ್ತು. ಅಂಟಿದ್ರೆ ಇನ್ನು ಕೆಲವು ದಿನದಲ್ಲಿ ನಿಮ್ಮಿಂದ ಬೇರೆಯವರಿಗೂ ಹರಡುತ್ತೆ. ಮನೇಲಿ ಪುಟ್ಟ ಮಗು ಇದೆ ಅಂದಿದ್ರಲ್ಲ?" ಎಂದಳು.

ಆಕೆ ಫೋನು ಕೆಳಗಿಟ್ಟಳು. ಕೂಸನ್ನು ಮಗಳ ಕೈಗೆ ಕೊಟ್ಟು, ಹಗ್ಗದ ಮೇಲಿದ್ದ ತನ್ನ ಬಟ್ಟೆಗಳನ್ನು ಎಳೆದು ಚೀಲಕ್ಕೆ ತುರುಕಿದಳು.

"ಎಲ್ಲಿಗಮ್ಮ?"

"ಹಾಸ್ಟೆಲ್‌ಗೆ. ಜ್ವರದವರ ಕೋಣೆ ಖಾಲಿ ಇದೆ."

"ನಿನಗೆಲ್ಲಿ ಜ್ವರ ಬಂದಿದೆ?"

"ಬಂದ್ಮೇಲೆ ಹೋಗೋದಲ್ಲ ಕಣೇ, ಬರೋಕೆ ಮುಂಚೆ ಹೋಗೋದು."

"ಇಲ್ಲೇ ಪರದೆ ಆಚೆ, ಒಳಗಡೆ ಇರು. ಮಗೂನ ಹತ್ರ ತರಲ್ಲ."

"ಪರದೆ ಕಟ್ಟಿದ್ರೆ ಒಳಗಡೆ ಆಗುತ್ತಾ? ನನ್ನ ಸೀನು ಪರದೆಗೆ ಹೆದರುತ್ತಾ?"

"ಎಷ್ಟು ದಿನ ಅಲ್ಲಿರ್ತೀಯಾ?"

"ಡಾಕ್ಟರಮ್ಮ ಹೇಳೋವರೆಗೆ."

"ಡಾಕ್ಟರ್ ಮಾತು ಯಾವಾಗಿಂದ ಕೇಳ್ತಿದ್ದೀಯಾ ನೀನು?"

"ಈಗಿಂದ. ಬಾಯಿ ಮುಚ್ಚು."

ಕೂಸು ಆಕೆಯತ್ತ ಎರಡೂ ಕೈ ಚಾಚಿತು. ಆಕೆ ಚೀಲವನ್ನು ಎದೆಗೆ ಅವುಚಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು. "ಹೋಗೇ, ಕಳ್ಳಿ," ಎಂದಳು. ಚಪ್ಪಲಿ ಮೆಟ್ಟಿ ಹೊಸ್ತಿಲು ದಾಟಿ, ಮೆಟ್ಟಿಲಿಳಿದು, ತಿರುಗಿ ನೋಡದೆ, "ಅಲ್ಲಿ ನಿಂತು ನನ್ನ ಮುಖ ನೋಡ್ಬೇಡ, ಹಾಲು ನೋಡು," ಎಂದು ಕೂಗಿದಳು.

ಮಗಳು ಬಾಗಿಲಲ್ಲೇ ನಿಂತು, ಆಕೆ ಬೀದಿಯ ತಿರುವು ದಾಟುವವರೆಗೂ ನೋಡಿದಳು. ಹಾಲು ಉಕ್ಕಿತು.